ಕ್ಯಾಮ್ರಿ, ಸೂಪರ್ಬ್ ಮಾರಲು ಹೋದರೆ ಬೆಲೆ ಬಿದ್ದುಹೋಗುವುದೇಕೆ? ಪರೇಲ್‌ನಿಂದ ಬಿಡದಿವರೆಗೆ ಒಂದು ಲೆಕ್ಕಾಚಾರ

ಮುಂಬೈ: ಪರೇಲ್‌ನ ಹಳೆಯ ಬಟ್ಟೆ ಗಿರಣಿಗಳ ಜಾಗದಲ್ಲಿ ಈಗ ಮುಗಿಲೆತ್ತರದ ವಸತಿ ಕಟ್ಟಡಗಳು, ಕಚೇರಿಗಳು ಎದ್ದಿವೆ. ಅವುಗಳ ಪಾರ್ಕಿಂಗ್‌ನಲ್ಲಿ ಇಳಿದು ನೋಡಿದರೆ ಒಂದು ಬಗೆಯ ಕಾರು ಕಣ್ಣಿಗೆ ಬೀಳುತ್ತದೆ. ಮರ್ಸಿಡಿಸ್, ಬಿಎಂಡಬ್ಲ್ಯುಗಳಷ್ಟು ದುಬಾರಿಯಲ್ಲ, ಆದರೆ ಸಾಮಾನ್ಯ ಸೆಡಾನ್ ಕೂಡ ಅಲ್ಲ. ಸ್ಕೋಡಾ ಸೂಪರ್ಬ್, ಟೊಯೊಟಾ ಕ್ಯಾಮ್ರಿ, ಹೋಂಡಾ ಅಕಾರ್ಡ್, ಫೋಕ್ಸ್‌ವ್ಯಾಗನ್ ಪಸಾಟ್ ಈ ಸಾಲಿಗೆ ಸೇರಿದವು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು, ಹೆದ್ದಾರಿಯಲ್ಲಿ ಹಡಗಿನಂತೆ ಸಾಗುತ್ತವೆ. ಓಡಿಸಿದವರು ಬಾಯಿ ತುಂಬ ಹೊಗಳುತ್ತಾರೆ. ಮಾರಲು ಹೊರಟಾಗ ಮಾತ್ರ ಅದೇ ಜನ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಕಾರು ಕೆಟ್ಟದ್ದೇ? ಹಾಗೇನೂ ಇಲ್ಲ. ಮೊದಲ ಮಾಲೀಕ ಕಾರನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದ ಎನ್ನುವುದಕ್ಕಿಂತ, ಎರಡನೇ ಮಾಲೀಕ ಎಷ್ಟು ಹೆದರುತ್ತಾನೆ ಎನ್ನುವುದೇ ಈ ವರ್ಗದ ಕಾರಿನ ಮರುಮಾರಾಟ ಬೆಲೆಯನ್ನು ನಿರ್ಧರಿಸುತ್ತದೆ. ವಾರಂಟಿ ಮುಗಿದ ಮೇಲೆ ಗೇರ್‌ಬಾಕ್ಸ್ ಕೆಟ್ಟರೆ? ಕಂಪನಿ ಈ ಮಾದರಿಯನ್ನೇ ನಿಲ್ಲಿಸಿದರೆ? ಸರ್ಕಾರ ಹಳೆಯ ಡೀಸೆಲ್ ಕಾರು ನಿಷೇಧಿಸಿದರೆ? 2025ರಲ್ಲಿ ಜಿಎಸ್‌ಟಿ ಬದಲಾವಣೆ, ಇ20 ಪೆಟ್ರೋಲ್ ವಿವಾದ, ಹಳೆಯ ವಾಹನಗಳ ಮೇಲಿನ ನಿರ್ಬಂಧ ಮೂರೂ ಒಟ್ಟಿಗೆ ಬಂದು ಈ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿವೆ. ಮುಂಬೈನಲ್ಲಿ ಕಾರು ಮಾರುವ ಕನ್ನಡಿಗರಿಗೂ, ಮುಂಬೈನಿಂದ ಅಗ್ಗದ ಸೆಡಾನ್ ತರಲು ಹೊರಟ ಬೆಂಗಳೂರು, ಮಂಗಳೂರಿನವರಿಗೂ ಈ ಲೆಕ್ಕ ಗೊತ್ತಿರಬೇಕು.

ಶೋರೂಮ್ ಗೇಟು ದಾಟಿದ ಕೂಡಲೇ ಹೋಗುವ ಹಣ

ಟೊಯೊಟಾ 2024ರ ಡಿಸೆಂಬರ್‌ನಲ್ಲಿ ಒಂಬತ್ತನೇ ತಲೆಮಾರಿನ ಕ್ಯಾಮ್ರಿ ಹೈಬ್ರಿಡ್ ಅನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಆಗ ಎಕ್ಸ್ ಶೋರೂಮ್ ಬೆಲೆ 48 ಲಕ್ಷ ರೂಪಾಯಿ ಇತ್ತು. ಮಹಾರಾಷ್ಟ್ರದಲ್ಲಿ 20 ಲಕ್ಷಕ್ಕೂ ಮೀರಿದ ಪೆಟ್ರೋಲ್ ಕಾರಿಗೆ ವ್ಯಕ್ತಿಯ ಹೆಸರಿನಲ್ಲಿ ಶೇ. 13ರಷ್ಟು ರಸ್ತೆ ತೆರಿಗೆ. ಅಂದರೆ 6.24 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಶೇ. 18ರ ದರದಲ್ಲಿ 8.64 ಲಕ್ಷ, ಅದರ ಮೇಲೆ ಸೆಸ್ ಬೇರೆ. ಹೀಗೆ ಕಟ್ಟಿದ ತೆರಿಗೆಯನ್ನು ಕಾರು ಮಾರುವಾಗ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಸವಕಳಿ. ವಿಮಾ ಕಂಪನಿಗಳು ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿ ಲೆಕ್ಕ ಹಾಕಲು ಬಳಸುವ ಪಟ್ಟಿಯಲ್ಲಿ ಆರು ತಿಂಗಳೊಳಗೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡನೇ ವರ್ಷ ಶೇ. 20, ಮೂರನೇ ವರ್ಷ ಶೇ. 30, ನಾಲ್ಕನೇ ವರ್ಷ ಶೇ. 40, ಐದನೇ ವರ್ಷ ಶೇ. 50ರಷ್ಟು ಬೆಲೆ ಕಳೆಯುತ್ತಾರೆ. ಈ ಲೆಕ್ಕದಲ್ಲಿ 48 ಲಕ್ಷದ ಕಾರು ಐದನೇ ವರ್ಷಕ್ಕೆ 24 ಲಕ್ಷ. ರಸ್ತೆ ತೆರಿಗೆಯನ್ನೂ ಸೇರಿಸಿದರೆ ಐದು ವರ್ಷದಲ್ಲಿ ಕರಗಿದ್ದು 30 ಲಕ್ಷಕ್ಕೂ ಹೆಚ್ಚು. ತಿಂಗಳಿಗೆ ಸುಮಾರು 50 ಸಾವಿರ ರೂಪಾಯಿ! ಪೆಟ್ರೋಲ್, ವಿಮೆ, ಸರ್ವಿಸ್, ಸಾಲದ ಬಡ್ಡಿ ಯಾವುದೂ ಇದರಲ್ಲಿ ಸೇರಿಲ್ಲ.

ಇದು ವಿಮೆಯ ಪುಸ್ತಕದ ಲೆಕ್ಕ ಮಾತ್ರ. ಮಾರುಕಟ್ಟೆಯಲ್ಲಿ ಬೇಡಿಕೆ ಇರುವ ಕಾರು ಇದಕ್ಕಿಂತ ಹೆಚ್ಚು ತರುತ್ತದೆ, ಹೆದರಿಕೆ ಹುಟ್ಟಿಸುವ ಕಾರು ಕಡಿಮೆ ತರುತ್ತದೆ. ಆ ಹೆದರಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಗೇರ್‌ಬಾಕ್ಸ್ ಎಂಬ ಗುಮ್ಮ

ಸೂಪರ್ಬ್ ಬಗ್ಗೆ ವಿಚಾರಿಸಿದ ಯಾರಿಗೇ ಆಗಲಿ ಮೊದಲು ಕೇಳಿಬರುವ ಪದ ಡಿಎಸ್‌ಜಿ. ಎರಡು ಕ್ಲಚ್ ಇರುವ ಈ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಣ್ಣು ಮಿಟುಕಿಸುವುದರೊಳಗೆ ಗೇರ್ ಬದಲಿಸುತ್ತದೆ. ಇದರ ಏಳು ಗೇರ್‌ಗಳ ಒಂದು ಮಾದರಿಯಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಒಣ ಕ್ಲಚ್. ಹೆದ್ದಾರಿಯಲ್ಲಿ ತೊಂದರೆ ಇಲ್ಲ. ಆದರೆ ಹತ್ತು ಅಡಿ ಮುಂದೆ ಹೋಗಿ ನಿಲ್ಲುವ, ಮತ್ತೆ ಹತ್ತು ಅಡಿ ತೆವಳುವ ಟ್ರಾಫಿಕ್‌ನಲ್ಲಿ ಕ್ಲಚ್ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ.

ಇದು ಬರೀ ಗಾಳಿಮಾತಲ್ಲ. 2013ರ ಮಾರ್ಚ್‌ನಲ್ಲಿ ಚೀನಾದ ಸರ್ಕಾರಿ ಟಿವಿ ವಾಹಿನಿ ಡಿಎಸ್‌ಜಿ ದೋಷದ ಬಗ್ಗೆ ವರದಿ ಮಾಡಿದ ಬಳಿಕ ಫೋಕ್ಸ್‌ವ್ಯಾಗನ್ ಅಲ್ಲಿ 3,84,181 ಕಾರುಗಳನ್ನು ವಾಪಸ್ ಕರೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಗೇರ್‌ಬಾಕ್ಸ್ ಎಣ್ಣೆ ಬದಲಿಸುವುದಾಗಿ ಪ್ರಕಟಿಸಿತು. ಸಿಂಥೆಟಿಕ್ ಎಣ್ಣೆಯಿಂದ ಗೇರ್‌ಬಾಕ್ಸ್‌ನ ವಿದ್ಯುತ್ ಭಾಗಗಳಲ್ಲಿ ಶಾರ್ಟ್ ಸರ್ಕ್ಯೂಟ್ ಆಗುವ ಸಾಧ್ಯತೆ ಇದೆ ಎಂದು ಕಂಪನಿ ಕಾರಣ ಕೊಟ್ಟಿತ್ತು. ಬಿಸಿ, ತೇವದ ಹವೆ ಮತ್ತು ನಿಂತು ನಿಂತು ಸಾಗುವ ಟ್ರಾಫಿಕ್ ಇರುವಲ್ಲಿ ಅಪಾಯ ಹೆಚ್ಚು ಎಂದೂ ಹೇಳಿತ್ತು. ಬಿಸಿ, ತೇವ, ಟ್ರಾಫಿಕ್ ಎಂದ ಮೇಲೆ ಮುಂಬೈನ ಹೆಸರನ್ನು ಬೇರೆಯಾಗಿ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್ 12ರಂದು ಪರೇಲ್ ಮತ್ತು ಪ್ರಭಾದೇವಿಯನ್ನು ಜೋಡಿಸುತ್ತಿದ್ದ ಎಲ್ಫಿನ್‌ಸ್ಟನ್ ಸೇತುವೆ ಮುಚ್ಚಿದ ಮೇಲಂತೂ ದಾದರ್‌ನ ತಿಲಕ್ ಸೇತುವೆ, ಕರಿ ರೋಡ್ ಸೇತುವೆಗಳ ಮೇಲೆ ಒತ್ತಡ ಇನ್ನೂ ಏರಿದೆ.

ಇಲ್ಲಿ ಖರೀದಿದಾರರು ಗಮನಿಸದ ಒಂದು ಸಂಗತಿ ಇದೆ. ಸೂಪರ್ಬ್‌ನ ಎಲ್ಲ ಡಿಎಸ್‌ಜಿಗಳೂ ಒಂದೇ ಅಲ್ಲ. 1.8 ಲೀಟರ್ ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿ ಇದ್ದದ್ದು ಒಣ ಕ್ಲಚ್. 2.0 ಲೀಟರ್ ಡೀಸೆಲ್‌ನಲ್ಲಿ ಎಣ್ಣೆಯಲ್ಲಿ ಮುಳುಗಿದ ಆರು ಗೇರ್‌ಗಳ ವ್ಯವಸ್ಥೆ. 2020ರಲ್ಲಿ ಬಂದ 2.0 ಲೀಟರ್ ಪೆಟ್ರೋಲ್‌ನಲ್ಲಿ ಏಳು ಗೇರ್‌ಗಳಿದ್ದರೂ ಕ್ಲಚ್ ಎಣ್ಣೆಯಲ್ಲೇ ಇರುತ್ತದೆ. ಹಳೆ ಕಾರಿನ ಮಾರುಕಟ್ಟೆಯಲ್ಲಿ ಈ ವ್ಯತ್ಯಾಸ ಕೇಳುವವರು ಕಡಿಮೆ. ಡಿಎಸ್‌ಜಿ ಎಂದ ಕೂಡಲೇ ಒಂದಿಷ್ಟು ಬೆಲೆ ಇಳಿಸುತ್ತಾರೆ. ತಿಳಿದು ಕೊಳ್ಳುವವನಿಗೆ ಇದೇ ಲಾಭದ ಜಾಗ, ಮಾರುವವನಿಗೆ ಇದೇ ನಷ್ಟದ ಜಾಗ.

ಬಿಡದಿಯ ಕಾರು, ಬ್ಯಾಟರಿಯ ಚಿಂತೆ

ಇನ್ನೊಂದು ಕಡೆ ಕ್ಯಾಮ್ರಿ. ಇದು ನಮ್ಮ ಬೆಂಗಳೂರು ಪಕ್ಕದ ಬಿಡದಿಯಲ್ಲೇ ಜೋಡಣೆಯಾಗುವ ಕಾರು. ಹೈಬ್ರಿಡ್ ಕ್ಯಾಮ್ರಿಯನ್ನು ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 2013ರಿಂದ ಅಲ್ಲಿ ಸಿದ್ಧಪಡಿಸುತ್ತಿದೆ. ಇದರಲ್ಲಿ ಪೆಟ್ರೋಲ್ ಎಂಜಿನ್ ಮತ್ತು ಎಲೆಕ್ಟ್ರಿಕ್ ಮೋಟಾರ್‌ಗಳ ಶಕ್ತಿಯನ್ನು ಸದಾ ಕೂಡಿಯೇ ಇರುವ ಗೇರ್ ಚಕ್ರಗಳ ಒಂದು ಜೋಡಣೆ ಹಂಚುತ್ತದೆ. ಸವೆದುಹೋಗಲು ಸಾಮಾನ್ಯ ಆಟೊಮ್ಯಾಟಿಕ್‌ನಂಥ ಕ್ಲಚ್ ಇಲ್ಲ. ಟ್ರಾಫಿಕ್‌ನಲ್ಲಿ ತೆವಳುವಾಗ ಬಹಳಷ್ಟು ಹೊತ್ತು ಎಂಜಿನ್ ಆಫ್ ಆಗಿರುತ್ತದೆ. ಹೊಸ ಕ್ಯಾಮ್ರಿಯ ಅಧಿಕೃತ ಮೈಲೇಜ್ ಲೀಟರಿಗೆ 25.49 ಕಿ.ಮೀ. ಒಣ ಕ್ಲಚ್ ಅನ್ನು ಕೊಲ್ಲುವ ಅದೇ ಪರೇಲ್ ಟ್ರಾಫಿಕ್ ಹೈಬ್ರಿಡ್‌ಗೆ ವರವಾಗುತ್ತದೆ.

ಹಾಗಿದ್ದರೂ ಹಳೆಯ ಕ್ಯಾಮ್ರಿ ಕೊಳ್ಳಲು ಬಂದವರು ಬಾನೆಟ್ ಎತ್ತುವ ಮೊದಲೇ ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂದು ಕೇಳುತ್ತಾರೆ. ಹೈಬ್ರಿಡ್ ಬ್ಯಾಟರಿಗೆ ಕಂಪನಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತದೆ. ಏಳು ವರ್ಷದ ಕಾರು ಮಾರಲು ನಿಂತಾಗ ಉಳಿದದ್ದು ಒಂದೇ ವರ್ಷ. ಬ್ಯಾಟರಿ ಚೆನ್ನಾಗಿಯೇ ಇರಬಹುದು, ಆದರೆ ಕೊಳ್ಳುವವನು ಹೊಸ ಬ್ಯಾಟರಿಯ ಬೆಲೆಯನ್ನು ಮನಸ್ಸಿನಲ್ಲೇ ಕಳೆದು ಮಾತು ಶುರು ಮಾಡುತ್ತಾನೆ. ಅಧಿಕೃತ ಸರ್ವಿಸ್ ಕೇಂದ್ರದ ಬ್ಯಾಟರಿ ಆರೋಗ್ಯ ವರದಿ ಕೈಯಲ್ಲಿದ್ದರೆ ಈ ಚೌಕಾಸಿಗೆ ಕಡಿವಾಣ ಹಾಕಬಹುದು.

ಹೋಲಿಕೆಗೆ ಮುಂಬೈನದ್ದೇ ಒಂದು ಉದಾಹರಣೆ. ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ವರೆಗೂ ಇಲ್ಲಿ ಓಡಿದವು. ಕೊನೆಯ ಕಾರು ನೋಂದಣಿಯಾಗಿದ್ದು 2003ರಲ್ಲಿ. 20 ವರ್ಷದ ಗಡುವು ಮುಗಿದ ಕಾರಣಕ್ಕೆ ಅದು ರಸ್ತೆ ಬಿಟ್ಟಿತು. ಅದು ಕೆಡದ ಕಾರೇನೂ ಆಗಿರಲಿಲ್ಲ. ಕೆಟ್ಟರೆ ಗಲ್ಲಿಯ ಮೆಕ್ಯಾನಿಕ್ ಸರಿಮಾಡುತ್ತಿದ್ದ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತಿತ್ತು. ನಮ್ಮ ದೇಶದಲ್ಲಿ ನಂಬಿಕಸ್ಥ ಕಾರು ಎಂಬ ಮಾತಿಗೆ ಕೆಟ್ಟರೂ ಸುಲಭದಲ್ಲಿ ರಿಪೇರಿಯಾಗುವ ಕಾರು ಎಂಬ ಅರ್ಥವೂ ಇದೆ. ಸೂಪರ್ಬ್, ಕ್ಯಾಮ್ರಿಯಂಥ ಕಾರುಗಳು ಕಡಿಮೆ ಕೆಡುತ್ತವೆ. ಕೆಟ್ಟಾಗ ಮಾತ್ರ ಕಂಪ್ಯೂಟರ್ ಹಚ್ಚದೆ ಕೆಲಸ ಆಗುವುದಿಲ್ಲ, ಬಿಡಿಭಾಗ ಬರುವವರೆಗೆ ಕಾಯಬೇಕು.

ಹಿಂದ್‌ಮಾತಾ ನೀರು

ಪರೇಲ್ ಮತ್ತು ದಾದರ್ ನಡುವಿನ ಹಿಂದ್‌ಮಾತಾ ಜಂಕ್ಷನ್ ಮುಂಬೈ ಮಳೆಯ ಸುದ್ದಿಯಲ್ಲಿ ಪ್ರತಿ ವರ್ಷ ಬರುವ ಹೆಸರು. ತಗ್ಗು ಪ್ರದೇಶವಾದ್ದರಿಂದ ಜೋರು ಮಳೆಗೆ ನೀರು ನಿಲ್ಲುತ್ತದೆ. ಮಹಾನಗರ ಪಾಲಿಕೆ ಪರೇಲ್‌ನ ಸೇಂಟ್ ಝೇವಿಯರ್ಸ್ ಮೈದಾನ ಮತ್ತು ದಾದರ್‌ನ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲಿ ದೊಡ್ಡ ಟ್ಯಾಂಕ್‌ಗಳನ್ನೇ ಕಟ್ಟಿಸಬೇಕಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಮುಳುಗಿದ ಕಾರುಗಳನ್ನು ಮುಂಬೈ ಇನ್ನೂ ಮರೆತಿಲ್ಲ.

ಸೆಡಾನ್ ತಗ್ಗಿನ ಕಾರು. ನಿಂತ ನೀರಿನಲ್ಲಿ ಓಡಿಸಿದರೆ ಗಾಳಿ ಎಳೆಯುವ ಕೊಳವೆಯಿಂದ ಎಂಜಿನ್ ಒಳಗೆ ನೀರು ಹೋಗಿ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ನೀರಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಿದರೆ ಎಂಜಿನ್ ಕೆಲಸ ಮುಗಿದಂತೆ. ಸಾಮಾನ್ಯ ಸಮಗ್ರ ವಿಮೆಯಲ್ಲಿ ಈ ಬಗೆಯ ಎಂಜಿನ್ ಹಾನಿಗೆ ಪರಿಹಾರ ಸಿಗುವುದು ಕಷ್ಟ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿರಬೇಕು. ನೀರು ಕುಡಿದ ಕಾರುಗಳು ತೊಳೆದು ಒರೆಸಿ ಬೇರೆ ಊರಿನ ಮಾರುಕಟ್ಟೆಗೆ ಹೋಗುವುದೂ ಉಂಟು. ಮುಂಬೈ ನೋಂದಣಿಯ ಕಾರು ನೋಡುವವರು ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆ ಇದೆಯೇ ನೋಡಬೇಕು. ನೆಲದ ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯೇ ಪರೀಕ್ಷಿಸಬೇಕು. ವಿಮಾ ಕ್ಲೇಮ್ ಇತಿಹಾಸ ಕೇಳಲೇಬೇಕು.

ಕಂಪನಿ ಕೈಬಿಟ್ಟರೆ ಕಾರು ಅನಾಥ

ಈ ವರ್ಗದ ಕಾರುಗಳಿಗೆ ಬಿದ್ದ ದೊಡ್ಡ ಏಟು ಮಾದರಿಗಳು ಒಂದೊಂದಾಗಿ ಮಾಯವಾದದ್ದು. ಹೋಂಡಾ 2016ರ ಅಕ್ಟೋಬರ್‌ನಲ್ಲಿ 37 ಲಕ್ಷಕ್ಕೆ ಅಕಾರ್ಡ್ ಹೈಬ್ರಿಡ್ ತಂದಿತು. ಫೋಕ್ಸ್‌ವ್ಯಾಗನ್ 2017ರಲ್ಲಿ ಹೊಸ ಪಸಾಟ್ ತಂದಿತು. 2020ರಲ್ಲಿ ಬಿಎಸ್-6 ನಿಯಮ ಬರುವ ಹೊತ್ತಿಗೆ ಎರಡೂ ಪಟ್ಟಿಯಿಂದ ಹೊರಬಿದ್ದವು. ಅದಕ್ಕೂ ಮೊದಲು ಜನರಲ್ ಮೋಟಾರ್ಸ್ 2017ರಲ್ಲಿ ಭಾರತದಲ್ಲಿ ಷೆವ್ರೊಲೆ ಕಾರು ಮಾರುವುದನ್ನು ನಿಲ್ಲಿಸಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಕೂಡ ಇಲ್ಲಿನ ಉತ್ಪಾದನೆಗೆ ತೆರೆ ಎಳೆಯಿತು. ಕಂಪನಿಗಳು ಬಿಡಿಭಾಗ, ಸರ್ವಿಸ್ ಮುಂದುವರಿಸುವ ಭರವಸೆ ಕೊಟ್ಟರೂ ಮಾರುಕಟ್ಟೆ ಅದನ್ನು ಪೂರ್ತಿ ನಂಬುವುದಿಲ್ಲ.

ಸೂಪರ್ಬ್ ಕತೆ ಇನ್ನೂ ವಿಚಿತ್ರ. 2020ರಲ್ಲಿ 30 ಲಕ್ಷದ ಆಸುಪಾಸಿನಲ್ಲಿ ಸಿಗುತ್ತಿದ್ದ ಕಾರು 2023ರಲ್ಲಿ ನಿಂತಿತು. 2024ರ ಏಪ್ರಿಲ್‌ನಲ್ಲಿ ಪೂರ್ತಿಯಾಗಿ ಆಮದಾದ ಕಾರಾಗಿ 54 ಲಕ್ಷಕ್ಕೆ ಮರಳಿತು, ಅದೂ 100 ಕಾರು ಮಾತ್ರ. ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ. ಇದರಿಂದ ಹಳೆಯ 2.0 ಪೆಟ್ರೋಲ್ ಸೂಪರ್ಬ್ ಅಗ್ಗವಾಗಿ ಕಾಣುತ್ತದೆ ನಿಜ. ಆದರೆ ಇಷ್ಟು ಕಡಿಮೆ ಸಂಖ್ಯೆಯಲ್ಲಿ ಬರುವ ಕಾರಿಗೆ ಹತ್ತು ವರ್ಷದ ಮೇಲೆ ಹೆಡ್‌ಲೈಟ್ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯೂ ಜತೆಗೇ ಬರುತ್ತದೆ.

ಇದಕ್ಕೆಲ್ಲ ಹಿನ್ನೆಲೆಯಲ್ಲಿ ಎಸ್‌ಯುವಿ ಅಲೆ ಇದೆ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಯುಟಿಲಿಟಿ ವಾಹನಗಳ ಪಾಲು ಶೇ. 65. ಹೊಂಡ, ಹಂಪ್, ಮಳೆನೀರು ಇವೆಲ್ಲಕ್ಕೂ ಎತ್ತರದ ಗಾಡಿಯೇ ಸರಿ ಎಂದು ಜನ ತೀರ್ಮಾನಿಸಿದ ಮೇಲೆ ಸೆಡಾನ್ ಕೊಳ್ಳುವವರ ಸಾಲು ಸಣ್ಣದಾಗಿದೆ.

ಸರ್ಕಾರದ ಪ್ರತಿ ನಿರ್ಧಾರಕ್ಕೂ ಒಂದು ಬೆಲೆ

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ಹೋಗಿ ಶೇ. 40ರ ಏಕ ಜಿಎಸ್‌ಟಿ ಬಂತು. ಮೊದಲು 1500 ಸಿಸಿ ಮೀರಿದ ಸೆಡಾನ್‌ಗೆ ಶೇ. 48, ಎಸ್‌ಯುವಿಗೆ ಶೇ. 50, ದೊಡ್ಡ ಹೈಬ್ರಿಡ್‌ಗೆ ಶೇ. 43 ತೆರಿಗೆ ಇತ್ತು. ಪರಿಣಾಮವಾಗಿ ಟೊಯೊಟಾ ಫಾರ್ಚುನರ್ ಬೆಲೆ 3.49 ಲಕ್ಷದವರೆಗೆ ಇಳಿದರೆ, ಕ್ಯಾಮ್ರಿ ಇಳಿದದ್ದು ಸುಮಾರು 1.02 ಲಕ್ಷ ಮಾತ್ರ. ಹೊಸ ಕಾರು ಅಗ್ಗವಾದಷ್ಟೂ ಹಳೆಯದರ ಬೆಲೆ ಜಾರುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಕ್ಯಾಮ್ರಿ ಮಾಲೀಕರಿಗೆ ಬಿದ್ದ ಪೆಟ್ಟು ಕಡಿಮೆ.

ಹಳೆ ಕಾರಿನ ಮೇಲಿನ ಜಿಎಸ್‌ಟಿ ಬಗ್ಗೆಯೂ ಗೊಂದಲ ಇದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆ ಶೇ. 18 ತೆರಿಗೆಗೆ ಶಿಫಾರಸು ಮಾಡಿದಾಗ ಹಳೆ ಕಾರು ಮಾರಿದರೂ ತೆರಿಗೆ ಕಟ್ಟಬೇಕು ಎಂಬ ಸುದ್ದಿ ಹಬ್ಬಿತು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ನೇರವಾಗಿ ಮಾರಿದರೆ ಈ ತೆರಿಗೆ ಇಲ್ಲ. ಡೀಲರ್ ಕಟ್ಟಬೇಕಾದದ್ದೂ ತನ್ನ ಲಾಭದ ಮೇಲೆ ಮಾತ್ರ. 12 ಲಕ್ಷಕ್ಕೆ ಕೊಂಡು 13.5 ಲಕ್ಷಕ್ಕೆ ಮಾರಿದರೆ 1.5 ಲಕ್ಷದ ಮೇಲೆ ಶೇ. 18, ಅಂದರೆ 27 ಸಾವಿರ. ದೊಡ್ಡ ಸೆಡಾನ್‌ಗಳಿಗೆ ಈ ದರ ಮೊದಲೇ ಶೇ. 18 ಇತ್ತು. ಏರಿಕೆ ತಟ್ಟಿದ್ದು ಸಣ್ಣ ಕಾರು ಮತ್ತು ಹಳೆಯ ಎಲೆಕ್ಟ್ರಿಕ್ ವಾಹನಗಳಿಗೆ.

ಡೀಸೆಲ್ ಸೂಪರ್ಬ್, ಪಸಾಟ್ ಮಾಲೀಕರ ಚಿಂತೆ ಬೇರೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ 2025ರ ಜುಲೈ 1ರಿಂದ ಇಂಧನವನ್ನೇ ಕೊಡಬಾರದು ಎಂಬ ಆದೇಶ ಬಂದು, ಜನರ ಆಕ್ರೋಶಕ್ಕೆ ಕೆಲವೇ ದಿನಗಳಲ್ಲಿ ತಡೆಬಿತ್ತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕೂ ಹೊಸ ವಾಹನಗಳಿಗೆ ಸೀಮಿತಗೊಳಿಸಿತು. ಮುಂಬೈನಲ್ಲಿ ಅಂಥ ನಿಷೇಧ ಬಂದಿಲ್ಲ. ಆದರೆ 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಸೂಚನೆಯಂತೆ, ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ಹಂತ ಹಂತವಾಗಿ ಕೈಬಿಡಬಹುದೇ ಎಂದು ನೋಡಲು ಮಹಾರಾಷ್ಟ್ರ ಸರ್ಕಾರ ಸಮಿತಿ ರಚಿಸಿತು. ನಿಯಮ ಬರುವ ಮೊದಲೇ ಬೆಲೆ ಇಳಿಸಲು ಮಾರುಕಟ್ಟೆಗೆ ಇಷ್ಟು ಸಾಕು.

ಪೆಟ್ರೋಲ್ ಕಾರಿನವರಿಗೆ ಇ20 ತಲೆನೋವು. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 2023ರ ಏಪ್ರಿಲ್‌ಗೆ ಮೊದಲಿನ ಕಾರಾದರೆ ಇ20 ಹೊಂದಿಕೆಯ ಬಗ್ಗೆ ಕಂಪನಿಯಿಂದ ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಮುಂಬೈ ಕಾರು ಊರಿಗೆ ತರುವ ಮುನ್ನ

ಎಂಎಚ್-01 ನಂಬರಿನ ಸೆಡಾನ್ ಅಗ್ಗಕ್ಕೆ ಸಿಕ್ಕಿತೆಂದು ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉಡುಪಿಗೋ ಮಂಗಳೂರಿಗೋ ಓಡಿಸಿಕೊಂಡು ಬರುವ ಆಸೆ ಸಹಜ. ಆದರೆ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕಾರಿನ ವಯಸ್ಸಿಗೆ ಅನುಗುಣವಾಗಿ ಕಟ್ಟಬೇಕು. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ವಾಪಸ್ ಕೇಳಬಹುದಾದರೂ ಅದಕ್ಕೆ ಓಡಾಟ, ಕಾಯುವಿಕೆ ತಪ್ಪಿದ್ದಲ್ಲ.

ಸಾರಿಗೆ ಇಲಾಖೆ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತ್ತು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಮಾಲೀಕರಿಂದ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. ಆದ್ದರಿಂದ ಮುಂಬೈನಲ್ಲಿ ಎರಡು ಲಕ್ಷ ಕಡಿಮೆಗೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಕರ್ನಾಟಕದ ತೆರಿಗೆ ಎಷ್ಟು ಎಂದು ಆರ್‌ಟಿಒದಲ್ಲಿ ವಿಚಾರಿಸಿ.

ಕೋರ್ಟ್ ಬಾಗಿಲು ತೆರೆದಿದೆ, ದಾರಿ ಉದ್ದ

ದೋಷಪೂರಿತ ಕಾರು ಗಂಟುಬಿದ್ದರೆ ಕಾನೂನಿನ ನೆರವು ಇದೆ. 2009ರಲ್ಲಿ ಕೊಂಡ ಬಿಎಂಡಬ್ಲ್ಯು ಕಾರಿನ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ 50 ಲಕ್ಷ ರೂಪಾಯಿ ಕೊಡುವಂತೆ ಕಂಪನಿಗೆ ಆದೇಶಿಸಿತು. ಅದೇ ತಿಂಗಳು ಇನ್ನೊಂದು ತೀರ್ಪಿನಲ್ಲಿ, ನಿರ್ದೇಶಕರ ಸ್ವಂತ ಬಳಕೆಗೆ ಕಂಪನಿ ಹೆಸರಿನಲ್ಲಿ ಕೊಂಡ ಕಾರಿಗೂ ಗ್ರಾಹಕ ಕಾನೂನು ಅನ್ವಯಿಸುತ್ತದೆ ಎಂದಿತು. ಕಚೇರಿ ಹೆಸರಿನಲ್ಲಿ ಕಾರು ಕೊಳ್ಳುವ ಪರೇಲ್, ಲೋವರ್ ಪರೇಲ್‌ನವರಿಗೆ ಈ ಎರಡನೇ ತೀರ್ಪು ಮುಖ್ಯ. ಆದರೆ ಮೊದಲ ಪ್ರಕರಣ ಮುಗಿಯಲು ಹಿಡಿದದ್ದು ಹತ್ತಿರ ಹತ್ತಿರ 15 ವರ್ಷ. ಅಷ್ಟು ವರ್ಷ ಕಾರಿಗೆ ಮರುಮಾರಾಟ ಬೆಲೆ ಎಲ್ಲಿ ಉಳಿಯುತ್ತದೆ?

ಹಾಗಾದರೆ ಏನು ಮಾಡಬೇಕು?

ಮಾರುವವರು ಎರಡನೇ ಮಾಲೀಕನ ಹೆದರಿಕೆಯನ್ನು ಕಾಗದಪತ್ರದಿಂದಲೇ ತಗ್ಗಿಸಬೇಕು. ಅಧಿಕೃತ ಸರ್ವಿಸ್‌ನ ಪೂರ್ತಿ ದಾಖಲೆ, ಗೇರ್‌ಬಾಕ್ಸ್ ಎಣ್ಣೆ ಅಥವಾ ಕ್ಲಚ್ ಬದಲಿಸಿದ ಬಿಲ್, ಹೈಬ್ರಿಡ್ ಆದರೆ ಬ್ಯಾಟರಿ ವರದಿ ಒಂದು ಫೈಲಿನಲ್ಲಿರಲಿ. ಹೊಸ ಮಾಲೀಕನ ಹೆಸರಿಗೆ ವರ್ಗಾಯಿಸಬಹುದಾದ ವಿಸ್ತರಿತ ವಾರಂಟಿ ಇದ್ದರೆ ಇನ್ನೂ ಒಳ್ಳೆಯದು. ವಾರಂಟಿ ಮುಗಿಯಲು ಒಂದು ವರ್ಷ ಇರುವಾಗಲೇ ಮಾರಿದರೆ, ಮುಗಿದ ಮೇಲೆ ಮಾರುವುದಕ್ಕಿಂತ ಚೌಕಾಸಿ ಕಡಿಮೆ. ಸಾಲ ತೀರಿದ್ದರೆ ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಕೀ ಕೊಟ್ಟ ಮೇಲೆ ಫಾರ್ಮ್ 29, 30 ಸಲ್ಲಿಕೆಯಾಗಿ ಹೆಸರು ಬದಲಾಗುವವರೆಗೂ ಬೆನ್ನು ಬಿಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆಯೂ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಕೊಳ್ಳುವವರು ಕೇಳಿದ ಬೆಲೆಯ ಜತೆಗೆ ಒಂದು ದೊಡ್ಡ ರಿಪೇರಿಯ ಹಣವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಬೇಕು. ಆ ಹಣ ಇಟ್ಟ ಮೇಲೂ ಕಾರು ಕೈಗೆಟುಕಿದರೆ ಧೈರ್ಯವಾಗಿ ಕೊಳ್ಳಬಹುದು. ಹೊಸದರಲ್ಲಿ 30 ಲಕ್ಷ ಕೊಟ್ಟವನ ನಷ್ಟದಲ್ಲಿ ನಿಮಗೆ ಸಿಗುವುದು ಅದೇ ಸೀಟು, ಅದೇ ಎಂಜಿನ್, ಅದೇ ಸುಖ.

ಹೊಸದನ್ನೇ ಕೊಳ್ಳಬೇಕೆಂದಿರುವವರು ಐದು ವರ್ಷಕ್ಕೆ ಮಾರುವ ಯೋಚನೆ ಬಿಡುವುದು ವಾಸಿ. ಈ ಕಾರುಗಳ ಬೆಲೆ ಹೆಚ್ಚು ಕರಗುವುದು ಮೊದಲ ಐದು ವರ್ಷದಲ್ಲಿ. ಆಮೇಲಿನ ಐದು ವರ್ಷ ಓಡಿಸಿದವರಿಗೆ ಮಾತ್ರ ಕೊಟ್ಟ ದುಡ್ಡಿನ ಸುಖ ಪೂರ್ತಿ ಸಿಗುತ್ತದೆ. ಅಷ್ಟು ವರ್ಷ ಇಟ್ಟುಕೊಳ್ಳುವ ಮನಸ್ಸಿಲ್ಲದಿದ್ದರೆ ಶೋರೂಮ್ ಬಿಟ್ಟು ಹಳೆ ಕಾರಿನ ಅಂಗಡಿಗೆ ಹೋಗುವುದೇ ಲೇಸು.